ಹಗೇವಿನ ಕಾಳೂ ಬಿತ್ತನೆಯ ಕಾಳೂ

ನಾಲ್ಕು ಜನ ವಿದ್ಯಾವಂತರು ಒಂದೆಡೆ ಕಲೆತರೆ, ಮಳೆ ಬೆಳೆಯ ಮಾತು ಮುಗಿದ ಮೇಲೆ ಹಣದ ಮಾತು ಬಂದೇ ಬರುತ್ತದೆ. "ಈಗ ಹಣವನ್ನು ಎಲ್ಲಿ ಹಾಕಿದರೆ ಒಳ್ಳೆಯದು?" ಎಂಬುದು ಅಲ್ಲಿ ಹುಟ್ಟುವ ಪ್ರಶ್ನೆ. ಒಬ್ಬರು ನಿವೇಶನವೆನ್ನುತ್ತಾರೆ, ಮತ್ತೊಬ್ಬರು ಚಿನ್ನವೆನ್ನುತ್ತಾರೆ, ಮೂರನೆಯವರು ಷೇರಿಗೆ ಮಿಗಿಲಾದುದಿಲ್ಲವೆನ್ನುತ್ತಾರೆ, ನಾಲ್ಕನೆಯವರು ತಮ್ಮ ಸೋದರಮಾವ ಷೇರಿನಲ್ಲಿ ಮನೆ ಕಳೆದುಕೊಂಡ ಕಥೆಯನ್ನು ಹೇಳುತ್ತಾರೆ. ಸಭೆ ಚದರುತ್ತದೆ, ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಉತ್ತರ ದೊರೆಯದಿರುವುದಕ್ಕೆ ಕಾರಣ ಪ್ರಶ್ನೆಯಲ್ಲಿಯೇ ಇದೆ. ಅದರಲ್ಲಿ ಮುಖ್ಯವಾದ ಒಂದು ಮಾತು ಬಿಟ್ಟುಹೋಗಿದೆ: ಆ ಹಣ ನಮಗೆ ಮತ್ತೆ ಯಾವಾಗ ಬೇಕಾಗುತ್ತದೆ?

ಈ ಹೊತ್ತು ನಾವು ಹೇಳಬೇಕೆಂದಿರುವುದೆಲ್ಲ ಈ ಒಂದು ಮಾತಿನ ವಿವರಣೆಯೆ. ಇದನ್ನು ವಿವರಿಸುವುದಕ್ಕೆ ದೊಡ್ಡ ಅರ್ಥಶಾಸ್ತ್ರ ಗ್ರಂಥಗಳನ್ನು ತೆರೆಯಬೇಕಾದ ಅಗತ್ಯವಿಲ್ಲ. ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಸುತ್ತಿಬಂದರೆ ಸಾಕು: ಬೆದ್ದಲು ಭೂಮಿಯ ಜಗಳೂರು, ಅಡಕೆ ತೋಟಗಳ ಚನ್ನಗಿರಿ, ತುಂಗಭದ್ರೆಯ ದಡದ ಹೊನ್ನಾಳಿ, ಮತ್ತು ಮೊನ್ನೆಮೊನ್ನೆಯವರೆಗೆ ಹೊನ್ನಾಳಿಯ ಭಾಗವಾಗಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ನ್ಯಾಮತಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಜಗಳೂರು ಚಿತ್ರದುರ್ಗಕ್ಕೂ ಉಳಿದ ಪ್ರದೇಶ ಶಿವಮೊಗ್ಗಕ್ಕೂ ಸೇರಿದ್ದಿತು. ನೆಲ, ನೀರು, ಬೆಳೆ ಎಲ್ಲವೂ ಬೇರೆ ಬೇರೆ. ಆದರೆ ನಾಳೆಯ ಮಳೆಯನ್ನಾಗಲಿ ಬೆಲೆಯನ್ನಾಗಲಿ ಮುಂದಾಗಿ ಹೇಳಬಲ್ಲವರು ಯಾರೂ ಇಲ್ಲವೆಂಬ ವಿಷಯದಲ್ಲಿ ನಾಲ್ಕೂ ಒಂದೆ.

ಮೊದಲು ಜಗಳೂರಿಗೆ ಹೋಗೋಣ. ಅದು ನಮ್ಮ ಹಿರಿಯರ ಸೀಮೆ. ಅಲ್ಲಿ ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಬರ. ಹಿಂದಿನ ಕಾಲದಲ್ಲಿ ಅಲ್ಲಿಯ ಸಂಸಾರಗಳು ನೆಲದಲ್ಲಿ ಆಳವಾದ ಹಗೇವನ್ನು ತೋಡಿ, ಒಳಗೆ ಹುಲ್ಲನ್ನು ಹೊದಿಸಿ, ಜೋಳವನ್ನು ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಅದು ಬರಗಾಲದ ಕಾಳು. ಬಿತ್ತನೆಯ ಕಾಳಿನ ಜಾಗವೇ ಬೇರೆ. ಮನೆಯಲ್ಲಿ ಉಪವಾಸವಿದ್ದರೂ ಬಿತ್ತನೆಯ ಕಾಳನ್ನು ಮುಟ್ಟಬಾರದೆಂಬುದು ಹಿರಿಯರ ಕಟ್ಟಳೆ. ಹಾಗೆ ಮುಟ್ಟುವ ಪ್ರಸಂಗ ಬರದಿರಲೆಂದೇ ಹಗೇವು.

ಇಂಗ್ಲಿಷಿನಲ್ಲಿ ಪದವಿ ಪಡೆದು, ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನಾವು ಈ ಕಟ್ಟಳೆಯನ್ನು ಮರೆತೆವು. ನಮ್ಮ ಮಗಳ ಕಾಲೇಜಿನ ಖರ್ಚಿಗೆಂದು ನಾಲ್ಕು ಲಕ್ಷ ರೂಪಾಯಿ ಕೂಡಿಸಿದ್ದೆವು. 2020ನೆಯ ಇಸವಿಯ ಮಧ್ಯದಲ್ಲಿ ಅದು ಬೇಕಾಗಿದ್ದಿತು. ಹಿಂದಿನ ಕೆಲವು ವರ್ಷಗಳಲ್ಲಿ ಷೇರುಪೇಟೆ ಚೆನ್ನಾಗಿ ನಡೆದಿದ್ದುದನ್ನು ಕಂಡು, ಬ್ಯಾಂಕಿನ ಬಡ್ಡಿ ಅಲ್ಪವೆಂದು ತೋರಿ, ಆ ಹಣವನ್ನೆಲ್ಲ ಷೇರುಗಳ ಮ್ಯೂಚುಯಲ್ ಫಂಡಿನಲ್ಲಿ ತೊಡಗಿಸಿದೆವು. ಆ ವರ್ಷದ ಜನವರಿಯಲ್ಲಿ ಮುಂಬಯಿ ಷೇರುಪೇಟೆಯ ಸೆನ್ಸೆಕ್ಸ್ ಎಂಬ ಸೂಚ್ಯಂಕ 42,000ವನ್ನು ಮುಟ್ಟಿತ್ತು. ಕೊರೋನಾ ರೋಗ ಹಬ್ಬಿದೊಡನೆ ಅದು ಕುಸಿಯತೊಡಗಿ, ಮಾರ್ಚಿ 23ರಂದು ಒಂದೇ ದಿನದಲ್ಲಿ 3,900ಕ್ಕಿಂತ ಹೆಚ್ಚಾಗಿ ಇಳಿದು, 26,000ದ ಕೆಳಗೆ ಬಂದು ನಿಂತಿತು. ಇನ್ನೂ ಇಳಿದರೆ ಮಗಳ ಗತಿಯೇನೆಂದು ಹೆದರಿ, ಆ ವಾರದಲ್ಲಿಯೇ ಎಲ್ಲವನ್ನೂ ಮಾರಿದೆವು. ಕೈಗೆ ಬಂದುದು ಎರಡು ಲಕ್ಷ ಎಪ್ಪತ್ತು ಸಾವಿರ. ಅದೇ ವರ್ಷದ ನವೆಂಬರಿನಲ್ಲಿ ಸೂಚ್ಯಂಕ ತನ್ನ ಹಿಂದಿನ ಶಿಖರವನ್ನು ದಾಟಿತು. ನಮ್ಮ ಮಗಳ ಓದು ಮಾತ್ರ ಸಾಲದ ಮೇಲೆ ನಡೆಯಿತು.

ಊರಿನಲ್ಲಿದ್ದ ನಮ್ಮ ದೊಡ್ಡಪ್ಪನವರು ಈ ವೃತ್ತಾಂತವನ್ನು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಗೇವಿನ ಕಾಳೂ ಬಿತ್ತನೆ ಕಾಳೂ ಒಂದೇ ಚೀಲದಾಗೆ ಹಾಕಿದ್ಯೇನೋ ತಮ್ಮಾ?" ಎಂದರು. ಅವರು ಷೇರು ಎಂಬ ವಸ್ತುವನ್ನು ಕಂಡವರಲ್ಲ. ಆದರೂ ನಮ್ಮ ತಪ್ಪನ್ನು ಅವರಷ್ಟು ಚೊಕ್ಕಟವಾಗಿ ಯಾರೂ ಹೇಳಲಿಲ್ಲ. ಪೇಟೆ ಇಳಿದುದು ನಮ್ಮ ಕೈಯಲ್ಲಿರಲಿಲ್ಲ. ನಾಲ್ಕೈದು ತಿಂಗಳಲ್ಲಿ ಬೇಕಾದ ಹಣವನ್ನು ಹತ್ತು ವರ್ಷ ಕಾಯಬಲ್ಲ ಹಣದ ಜಾಗದಲ್ಲಿಟ್ಟುದು ನಮ್ಮ ಕೈಯಲ್ಲಿಯೇ ಇದ್ದಿತು.

ಹಾಗಾದರೆ ಈ ಕಾಲದ ಹಗೇವು ಯಾವುದು? ಆರು ತಿಂಗಳಿಂದ ಒಂದು ವರ್ಷದವರೆಗಿನ ಮನೆಯ ಖರ್ಚು, ಮತ್ತು ಮುಂದಿನ ಐದಾರು ವರ್ಷಗಳೊಳಗೆ ಖಂಡಿತವಾಗಿ ಬೇಕೆಂದು ತಿಳಿದಿರುವ ಹಣ. ಇವೆರಡೂ ಬ್ಯಾಂಕಿನಲ್ಲಿಯೋ ಅಂಚೆ ಕಚೇರಿಯಲ್ಲಿಯೋ ಇರತಕ್ಕದ್ದು. ಹಗೇವಿಗೂ ಕಾವಲು ಬೇಕು. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುರಿದುಬಿದ್ದ ಮೇಲೆ ಸರ್ಕಾರವು ಎಚ್ಚೆತ್ತು, 1962ರಿಂದ ಠೇವಣಿಗಳಿಗೆ ವಿಮೆಯನ್ನು ಏರ್ಪಡಿಸಿತು. ಮೊದಲು 1,500 ರೂಪಾಯಿಗಳಿದ್ದ ಅದರ ಮಿತಿಯನ್ನು 2020ರ ಫೆಬ್ರವರಿಯಲ್ಲಿ ಐದು ಲಕ್ಷಕ್ಕೆ ಏರಿಸಲಾಯಿತು. ಸಹಕಾರಿ ಬ್ಯಾಂಕುಗಳಿಗೂ ಈ ರಕ್ಷಣೆಯುಂಟು; ಆದರೆ ಊರೂರಿನಲ್ಲಿರುವ ಪತ್ತಿನ ಸಹಕಾರ ಸಂಘಗಳಿಗೆ ಇಲ್ಲ. ಅರ್ಧ ರೂಪಾಯಿ ಬಡ್ಡಿ ಹೆಚ್ಚೆಂದು ಆಸೆಪಡುವವರು ಈ ಭೇದವನ್ನು ನೆನಪಿನಲ್ಲಿಡುವುದು ಲೇಸು. ಇದರ ಜತೆಗೆ, ದುಡಿಯುವವನು ಅಕಾಲದಲ್ಲಿ ಹೋದರೆ ಸಂಸಾರಕ್ಕೆ ಆಧಾರವಾಗುವಷ್ಟು ಜೀವವಿಮೆಯೂ ಆಸ್ಪತ್ರೆಯ ವೆಚ್ಚದ ವಿಮೆಯೂ ಇರಬೇಕು. ನಮ್ಮ ನಾಡಿಗೆ ಇದು ಹೊಸ ವಿಚಾರವಲ್ಲ. ಮೈಸೂರು ಸರ್ಕಾರವು ತನ್ನ ನೌಕರರಿಗಾಗಿ 1891ರಲ್ಲಿಯೇ ವಿಮಾ ಇಲಾಖೆಯನ್ನು ತೆರೆದಿದ್ದಿತು.

ಇಲ್ಲಿ ಒಂದು ಸಂದೇಹ ಬರಬಹುದು. ಹಗೇವು ಅಷ್ಟು ಕ್ಷೇಮವಾದರೆ, ಎಲ್ಲ ಹಣವನ್ನೂ ಅಲ್ಲಿಯೇ ತುಂಬಿಡಬಾರದೇಕೆ? ಕಾಳು ಹಗೇವಿನಲ್ಲಿ ಬೆಳೆಯುವುದಿಲ್ಲ, ಬಹಳ ವರ್ಷ ಬಿಟ್ಟರೆ ಮುಗ್ಗುತ್ತದೆ ಎಂಬುದೇ ಇದಕ್ಕೆ ಉತ್ತರ. ಹಣವನ್ನು ಮುಗ್ಗಿಸುವುದು ಬೆಲೆಯೇರಿಕೆ. ಇದನ್ನು ಅಳೆಯಲು ಸುಲಭವಾದ ಒಂದು ಲೆಕ್ಕವುಂಟು: 72ನ್ನು ಏರಿಕೆಯ ದರದಿಂದ ಭಾಗಿಸಿದರೆ, ಎಷ್ಟು ವರ್ಷಗಳಲ್ಲಿ ಇಮ್ಮಡಿಯಾಗುತ್ತದೆಂಬುದು ಸುಮಾರಾಗಿ ತಿಳಿಯುತ್ತದೆ. ವರ್ಷಕ್ಕೆ ನೂರಕ್ಕೆ 6ರಂತೆ ಬೆಲೆಗಳು ಏರಿದರೆ, ಹನ್ನೆರಡು ವರ್ಷಗಳಲ್ಲಿ ಮನೆಯ ಖರ್ಚು ಎರಡರಷ್ಟಾಗುತ್ತದೆ. ಇಪ್ಪತ್ತನಾಲ್ಕು ವರ್ಷಗಳಲ್ಲಿ ನಾಲ್ಕರಷ್ಟು. ಠೇವಣಿಗೆ ನೂರಕ್ಕೆ 7 ಬಡ್ಡಿ ಬಂದು, ಆ ಬಡ್ಡಿಯಲ್ಲಿ ನೂರಕ್ಕೆ 30 ತೆರಿಗೆಗೆ ಹೋದರೆ, ಉಳಿಯುವುದು 4.9. ಪಾಸ್‌ಬುಕ್ಕಿನಲ್ಲಿ ಅಂಕಿ ಬೆಳೆಯುತ್ತಿದೆ. ಅದು ಕೊಳ್ಳಬಲ್ಲ ಅಕ್ಕಿ ಕಡಮೆಯಾಗುತ್ತಿದೆ. ನಲವತ್ತು ವರ್ಷದವರು ಅರವತ್ತಕ್ಕೆ ನಿವೃತ್ತರಾಗಿ ಎಂಬತ್ತೈದರವರೆಗೆ ಬಾಳುವುದಾದರೆ, ಅವರ ಕೊನೆಯ ರೂಪಾಯಿ ನಲವತ್ತೈದು ವರ್ಷ ಕಾಯಬೇಕು. ಅಷ್ಟು ಕಾಲ ಕಾಯುವ ಹಣವನ್ನು ಬಿತ್ತಲೇಬೇಕು.

ಬಿತ್ತುವುದನ್ನು ಕಲಿಯುವುದಕ್ಕೆ ಚನ್ನಗಿರಿಗೆ ಬರೋಣ. ಅಡಕೆಯ ಸಸಿ ನೆಟ್ಟು ಐದರಿಂದ ಏಳು ವರ್ಷ ಕಾಯದೆ ಫಸಲಿಲ್ಲ. ಆ ಮೇಲೆ ಹಲವು ದಶಕಗಳ ಕಾಲ ಮರ ಫಲ ಕೊಡುತ್ತದೆ. ಫಲ ಕೊಟ್ಟರೂ ಬೆಲೆ ಮನುಷ್ಯನ ಮಾತು ಕೇಳುವುದಿಲ್ಲ. 2014ರಲ್ಲಿ ಕೆಂಪಡಕೆಯ ಬೆಲೆ ಕ್ವಿಂಟಾಲಿಗೆ ಎಂಬತ್ತು ಸಾವಿರ ರೂಪಾಯಿಗಳನ್ನು ದಾಟಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಮೂವತ್ತು ಸಾವಿರದ ಕೆಳಗಿಳಿಯಿತು. ನಮ್ಮ ಪರಿಚಯದ ಇಬ್ಬರು ಆ ಕಾಲದಲ್ಲಿ ಚನ್ನಗಿರಿಯ ಕಡೆ ಇದ್ದರು. ಒಬ್ಬರಿಗೆ ಹಳೆಯ ತೋಟ, ಸಾಲವಿಲ್ಲ, ಮನೆಯ ಊಟಕ್ಕೆ ಬತ್ತದ ಗದ್ದೆ. ಬೆಲೆ ಬಿದ್ದಾಗ ಅವರು ಅಡಕೆಯನ್ನು ಕೊಂಚ ಕೊಂಚವಾಗಿ ಮಾತ್ರ ಮಾರಿ, ತಾಳಿಕೊಂಡರು. ಮತ್ತೊಬ್ಬರು ಎಂಬತ್ತು ಸಾವಿರದ ಬೆಲೆಯನ್ನು ಕಂಡೇ ಗದ್ದೆಯನ್ನು ಮುರಿದು, ಸಾಲ ಮಾಡಿ ಸಸಿ ನೆಟ್ಟವರು. ಮರ ಫಲಕ್ಕೆ ಬರುವ ಮೊದಲೆ ಸಾಲದ ಕಂತು ಬಂದಿತು. ಎಳೆಯ ತೋಟವನ್ನು ಕಂಡವರ ಬೆಲೆಗೆ ಕೊಡಬೇಕಾಯಿತು. ಇಬ್ಬರೂ ನಂಬಿದ್ದು ಒಂದೇ ಮರವನ್ನು. ಕಾಯುವ ಶಕ್ತಿ ಮಾತ್ರ ಒಬ್ಬರಿಗಿದ್ದಿತು.

ಷೇರಿನ ವಿಷಯವೂ ಹೀಗೆಯೆ. ಷೇರೆಂದರೆ ಜೂಜಿನ ಚೀಟಿಯಲ್ಲ. ನಡೆಯುತ್ತಿರುವ ಒಂದು ಉದ್ಯಮದ ಒಡೆತನದಲ್ಲಿ ಒಂದು ಪಾಲು. ಉದ್ಯಮ ಬೆಳೆದರೆ ಪಾಲೂ ಬೆಳೆಯುತ್ತದೆ. ಆದರೆ ಅದರ ದಿನದ ಬೆಲೆಯನ್ನು ಗೊತ್ತುಮಾಡುವುದು ಅಂದು ಕೊಳ್ಳುವವರ ಆಸೆ ಮತ್ತು ಮಾರುವವರ ಭಯ. ಸೆನ್ಸೆಕ್ಸಿನ ಲೆಕ್ಕ 1979ರಲ್ಲಿ 100ರಿಂದ ಆರಂಭವಾಗುತ್ತದೆ; 2024ರ ಸೆಪ್ಟೆಂಬರಿನಲ್ಲಿ ಅದು 85,000ವನ್ನು ದಾಟಿತು. ಈ ಎರಡು ಅಂಕಿಗಳನ್ನು ಮಾತ್ರ ಹೇಳುವವರು ಅರ್ಧ ಸತ್ಯವನ್ನು ಹೇಳುತ್ತಾರೆ. 2008ರ ಜನವರಿಯಲ್ಲಿ 21,000 ಇದ್ದ ಸೂಚ್ಯಂಕ 2009ರ ಮಾರ್ಚಿಯಲ್ಲಿ 8,200ರ ಸುಮಾರಿಗೆ ಇಳಿಯಿತು. ನೂರು ರೂಪಾಯಿ ನಲವತ್ತಾಯಿತು. 2010ರ ಕೊನೆಗೆ ಹಿಂದಿನ ಮಟ್ಟವನ್ನು ಮುಟ್ಟಿದರೂ, ಅದನ್ನು ಬಿಟ್ಟು ನಿಶ್ಚಯವಾಗಿ ಮೇಲೆ ನಡೆದುದು 2014ರಲ್ಲಿ. ಆರು ವರ್ಷ ಕಾಯಲಾರದವರಿಗೆ ಆ ಬೆಳೆ ಕೈಗೆ ಹತ್ತಲಿಲ್ಲ.

ಕಾದರೆ ಎಲ್ಲವೂ ಸರಿಹೋಗುತ್ತದೆಂದು ಹೇಳುವುದೂ ತಪ್ಪು. ಜಪಾನಿನ ನಿಕ್ಕೈ ಸೂಚ್ಯಂಕ 1989ರ ಡಿಸೆಂಬರಿನಲ್ಲಿ ಮುಟ್ಟಿದ ಶಿಖರವನ್ನು ಮತ್ತೆ ದಾಟಿದುದು 2024ರ ಫೆಬ್ರವರಿಯಲ್ಲಿ, ಮೂವತ್ತನಾಲ್ಕು ವರ್ಷಗಳ ಮೇಲೆ. ಅಷ್ಟು ದೂರ ಹೋಗುವುದೂ ಬೇಡ. ಚನ್ನಗಿರಿಯ ನೆರೆಯ ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆ ನಾಡಿನ ಹೆಮ್ಮೆಯಾಗಿದ್ದಿತು. 2015ರ ಸುಮಾರಿಗೆ ಅದರ ಯಂತ್ರಗಳು ನಿಂತವು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರನ್ನು ತಂದ ಹತ್ತಿ ಗಿರಣಿಗಳ ಕಥೆಯೂ ಹೀಗೆಯೇ ಮುಗಿಯಿತು. ಒಳ್ಳೆಯ ಹೆಸರು, ದೊಡ್ಡ ಕಟ್ಟಡ, ಸರ್ಕಾರದ ಆಶ್ರಯ, ಇವುಗಳಲ್ಲಿ ಯಾವುದೂ ಒಂದು ಕಂಪೆನಿಯ ಆಯುಷ್ಯಕ್ಕೆ ಹೊಣೆಯಲ್ಲ.

ಇದಕ್ಕೆ ಉಪಾಯವನ್ನು ಮತ್ತೆ ಬೆದ್ದಲು ಸೀಮೆಯ ರೈತನೇ ತೋರಿಸಿಕೊಟ್ಟಿದ್ದಾನೆ. ಅವನು ಹೊಲಕ್ಕೆಲ್ಲ ಶೇಂಗಾವನ್ನೇ ಹಾಕುವುದಿಲ್ಲ. ನಡುನಡುವೆ ತೊಗರಿಯ ಅಕ್ಕಡಿ ಸಾಲನ್ನು ಬಿಡುತ್ತಾನೆ. ಮುಂಗಾರು ಕೈಕೊಟ್ಟು ಶೇಂಗಾ ಹೋದರೂ, ಹಿಂದಿನ ಮಳೆಗೆ ತೊಗರಿ ಉಳಿದೀತು. ನಮ್ಮ ಹಣಕ್ಕೂ ಅಕ್ಕಡಿ ಸಾಲು ಬೇಕು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಕಂಪೆನಿಗಳ ಷೇರುಗಳನ್ನು ಸೂಚ್ಯಂಕದಲ್ಲಿರುವ ಪ್ರಮಾಣದಲ್ಲಿಯೇ ಕೊಂಡಿಡುವ ಇಂಡೆಕ್ಸ್ ಫಂಡುಗಳು ಈಗ ಎಲ್ಲರಿಗೂ ದೊರೆಯುತ್ತವೆ. ಒಂದು ಕಾರ್ಖಾನೆ ನಿಂತರೆ ಅವು ನಿಲ್ಲುವುದಿಲ್ಲ. ಅವುಗಳ ಪಕ್ಕದಲ್ಲಿ ಸಾರ್ವಜನಿಕ ಭವಿಷ್ಯನಿಧಿಯಂಥ ಬಡ್ಡಿಯ ಸಾಲೊಂದು ಇರಲಿ. 1968ರಲ್ಲಿ ಆರಂಭವಾದ ಈ ನಿಧಿಯ ಅವಧಿ ಹದಿನೈದು ವರ್ಷ, ಬಡ್ಡಿಗೆ ತೆರಿಗೆಯಿಲ್ಲ. ತಾವು ಮಾರುಕಟ್ಟೆಯ ಗೊಡವೆಗೆ ಹೋಗುವವರೇ ಅಲ್ಲವೆಂದು ಕೆಲವರು ಹೇಳುವುದುಂಟು. 2006ರ ಏಪ್ರಿಲ್ ಒಂದರಿಂದೀಚೆಗೆ ಕರ್ನಾಟಕ ಸರ್ಕಾರದ ಕೆಲಸಕ್ಕೆ ಸೇರಿದವರನ್ನು ಹೊಸ ಪಿಂಚಣಿ ಪದ್ಧತಿಗೆ ಒಳಪಡಿಸಲಾಯಿತು. ಅದರಲ್ಲಿ ಕೂಡುವ ಹಣ ಮಾರುಕಟ್ಟೆಯನ್ನೇ ಅವಲಂಬಿಸಿದ್ದು. ಅವರು ಬೇಡವೆಂದರೂ ಈ ಹೊಲದಲ್ಲಿ ಪಾಲುದಾರರೆ.

ಇನ್ನು ಹೊನ್ನಾಳಿ. ಹೆಸರಿನಲ್ಲಿಯೇ ಹೊನ್ನಿದೆ, ಆ ಸೀಮೆಯ ಕುದುರೆಕೊಂಡದ ಬಳಿ ಹಿಂದೆ ಚಿನ್ನದ ಗಣಿಯನ್ನು ತೋಡಿದ್ದೂ ಉಂಟು. ನಮ್ಮ ಹೆಣ್ಣುಮಕ್ಕಳಿಗೆ ಚಿನ್ನದಲ್ಲಿರುವ ನಂಬಿಕೆಯನ್ನು ಗಂಡಸರು ಹಾಸ್ಯಮಾಡುತ್ತಾರೆ. ಅದು ಅಷ್ಟು ಹಾಸ್ಯಾಸ್ಪದವಲ್ಲ. ಕಷ್ಟಕಾಲದಲ್ಲಿ ಆ ಚಿನ್ನ ಎಷ್ಟೋ ಮನೆಗಳನ್ನು ಉಳಿಸಿದೆ. ಆದರೆ ಚಿನ್ನ ಬಡ್ಡಿಯನ್ನು ಕೊಡುವುದಿಲ್ಲ, ಲಾಭ ಗಳಿಸುವುದಿಲ್ಲ; ಮತ್ತೊಬ್ಬರು ಹೆಚ್ಚು ಬೆಲೆ ಕೊಟ್ಟರೆ ಮಾತ್ರ ಏರುತ್ತದೆ. 2012ರಲ್ಲಿ ಹತ್ತು ಗ್ರಾಮಿಗೆ 31,000 ರೂಪಾಯಿಗಳ ಸುಮಾರಿಗಿದ್ದ ಬೆಲೆ 2015ರಲ್ಲಿ 26,000ದ ಸುಮಾರಿಗಿಳಿದಿತ್ತು; 2025ರಲ್ಲಿ ಒಂದು ಲಕ್ಷವನ್ನು ದಾಟಿತು. ಏರಿದ ಮೇಲೆ ಎಲ್ಲರೂ ಕೊಳ್ಳಲು ಓಡುತ್ತಾರೆ. ಇಳಿದಿದ್ದಾಗ ಆ ಕಡೆ ತಿರುಗಿ ನೋಡುವವರಿಲ್ಲ. ಚಿನ್ನಕ್ಕೆ ಹತ್ತರಲ್ಲಿ ಒಂದು ಪಾಲಿನ ಸ್ಥಾನವನ್ನು ಕೊಡೋಣ. ಒಡವೆಯನ್ನು ಅದಕ್ಕೆ ಸೇರಿಸದಿರೋಣ, ಏಕೆಂದರೆ ಒಡವೆಯನ್ನು ಮಾರಲು ಯಾವ ಮನೆಯಲ್ಲಿಯೂ ಮನಸ್ಸು ಬರುವುದಿಲ್ಲ.

ನ್ಯಾಮತಿಯ ಕಡೆಯ ತೀರ್ಥರಾಮೇಶ್ವರವನ್ನು ಕಂಡವರು ಅಲ್ಲಿಯ ತೀರ್ಥವನ್ನು ಬಲ್ಲರು. ಸಣ್ಣ ಧಾರೆ, ಬೇಸಗೆಯಲ್ಲಿಯೂ ನಿಲ್ಲದೆ ಹರಿಯುವುದೇ ಅದರ ಮಹಿಮೆ. ಸಂಬಳದವರ ಉಳಿತಾಯವೂ ಹೀಗಿರಬೇಕು. ತಿಂಗಳಿಗೆ 5,000 ರೂಪಾಯಿಗಳಂತೆ ಇಪ್ಪತ್ತೈದು ವರ್ಷ ತೊಡಗಿಸಿ, ವರ್ಷಕ್ಕೆ ನೂರಕ್ಕೆ 8ರಂತೆ ಬೆಳೆಯಿತೆಂದು ಇಟ್ಟುಕೊಂಡರೆ, ಕಟ್ಟಿದ ಹದಿನೈದು ಲಕ್ಷ ಸುಮಾರು ನಲವತ್ತೇಳೂವರೆ ಲಕ್ಷವಾಗುತ್ತದೆ. ಹತ್ತು ವರ್ಷ ತಡಮಾಡಿ ಹದಿನೈದೇ ವರ್ಷ ಕಟ್ಟಿದರೆ, ಒಂಬತ್ತು ಲಕ್ಷ ಹದಿನೇಳು ಲಕ್ಷಕ್ಕೆ ಸ್ವಲ್ಪ ಮೇಲಾಗುತ್ತದೆ, ಅಷ್ಟೆ. ಇದು ಗಣಿತವೇ ಹೊರತು ಭರವಸೆಯಲ್ಲ. ಯಾವ ವರ್ಷವೂ ಸಮವಾಗಿ ಎಂಟನ್ನು ಕೊಡುವುದಿಲ್ಲ. ಪ್ರತಿ ತಿಂಗಳೂ ಕಟ್ಟುವವರಿಗೆ ಇಳಿದ ಪೇಟೆಯಿಂದ ಒಂದು ಅನುಕೂಲವೂ ಉಂಟು: ಅದೇ ಹಣಕ್ಕೆ ಹೆಚ್ಚು ಪಾಲುಗಳು ದೊರೆಯುತ್ತವೆ. ನಿರ್ವಹಣೆಯ ಖರ್ಚನ್ನೂ ಲಕ್ಷ್ಯವಿಟ್ಟು ನೋಡಬೇಕು. ಒಂದು ಲಕ್ಷ ರೂಪಾಯಿ ಇಪ್ಪತ್ತೈದು ವರ್ಷ ನೂರಕ್ಕೆ 8ರಂತೆ ಬೆಳೆದರೆ 6 ಲಕ್ಷ 85 ಸಾವಿರ. ಒಂದು ರೂಪಾಯಿ ಖರ್ಚಿಗೆ ಹೋಗಿ 7ರಂತೆ ಬೆಳೆದರೆ 5 ಲಕ್ಷ 43 ಸಾವಿರ. ದಲ್ಲಾಳಿಯಿಲ್ಲದೆ ನೇರವಾಗಿ ಕೊಳ್ಳುವ ಅವಕಾಶವು ಮ್ಯೂಚುಯಲ್ ಫಂಡುಗಳಲ್ಲಿ 2013ರಿಂದಲೇ ಇದೆ.

ಧಾರೆಯಿಂದ ಕೂಡಿದ ನೀರನ್ನು ಬಿಡುವ ಬಗೆಯನ್ನೂ ಅರಿತಿರಬೇಕು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು, ಎಂದರೆ ಶಾಂತಿಸಾಗರವನ್ನು, ಕೇಳದವರಿಲ್ಲ. ಎರಡು ಗುಡ್ಡಗಳ ನಡುವಣ ಕಣಿವೆಗೆ ಏರಿ ಹಾಕಿ, ಹರಿದ್ರಾ ಹಳ್ಳವನ್ನು ತಡೆದು, ಶಾಂತವ್ವೆಯೆಂಬಾಕೆ ಕಟ್ಟಿಸಿದಳೆಂದು ಪ್ರತೀತಿ. ಅದರ ಏರಿಯಷ್ಟೇ ಮುಖ್ಯವಾದುವು ಅದರ ಎರಡು ತೂಬುಗಳು, ಸಿದ್ದನ ತೂಬು ಮತ್ತು ಬಸವನ ತೂಬು. ತೂಬಿಲ್ಲದ ಕೆರೆಯ ನೀರನ್ನು ಬೇಕಾದಾಗ ಗದ್ದೆಗೆ ಬಿಡುವ ಬಗೆಯಿಲ್ಲ. ಹತ್ತು ವರ್ಷಗಳ ಮೇಲೆ ಬೇಕಾದ ಹಣವನ್ನು ಮೊದಲ ಏಳು ವರ್ಷ ಷೇರುಗಳಲ್ಲಿ ಬಿಟ್ಟು, ಕೊನೆಯ ಮೂರು ವರ್ಷಗಳಲ್ಲಿ ವರ್ಷಕ್ಕೆ ಮೂರನೆಯ ಒಂದು ಭಾಗದಂತೆ ಠೇವಣಿಗೆ ಇಳಿಸುವುದು ನಮ್ಮ ತೂಬು. ನಾವು 2017ರಿಂದಲೇ ಹೀಗೆ ಮಾಡಿದ್ದರೆ, 2020ರ ಮಾರ್ಚಿಯಲ್ಲಿ ಪತ್ರಿಕೆಯನ್ನು ಓದಿ ಮಡಿಸಿಟ್ಟು, ಮಗಳೊಡನೆ ಕಾಫಿ ಕುಡಿಯಬಹುದಾಗಿದ್ದಿತು.

ವರ್ಷಕ್ಕೊಮ್ಮೆ, ಯುಗಾದಿಯ ಪಂಚಾಂಗ ಶ್ರವಣವಾದ ಮೇಲೆ, ಮನೆಯವರೆಲ್ಲ ಕುಳಿತು ಈ ಲೆಕ್ಕವನ್ನು ನೋಡುವುದು ಒಳ್ಳೆಯ ಸಂಪ್ರದಾಯವಾದೀತು. ಮೊದಲು ಹೆಚ್ಚು ಬಡ್ಡಿಯ ಸಾಲ ತೀರಿದೆಯೆ? ಹಗೇವು ತುಂಬಿದೆಯೆ? ಅರ್ಧ ಪಾಲಿರಬೇಕಾದ ಷೇರುಗಳು ಏರಿ ಮೂರರಲ್ಲಿ ಎರಡು ಪಾಲಾಗಿದ್ದರೆ, ಹೆಚ್ಚಿದುದನ್ನು ಮಾರಿ ಬಡ್ಡಿಯ ಕಡೆಗೆ ಹಾಕಬೇಕು. ಇಳಿದಿದ್ದರೆ ಆ ಕಡೆಯಿಂದ ತಂದು ತುಂಬಬೇಕು. ಮನಸ್ಸು ಇದಕ್ಕೆ ವಿರುದ್ಧವಾಗಿಯೇ ಹೇಳುತ್ತದೆ; ಆದಕಾರಣವೇ ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು ಅವಶ್ಯಕ. ಖಾತೆಗಳ ವಿವರವೂ ವಾರಸುದಾರರ ಹೆಸರೂ ಹೆಂಡತಿ ಮಕ್ಕಳಿಗೆ ತಿಳಿದಿರಲಿ. ಏನೂ ಅಪಾಯವಿಲ್ಲದೆ ತಿಂಗಳಿಗೆ ನೂರಕ್ಕೆ ಎರಡು ಮೂರು ಕೊಡುತ್ತೇವೆಂದು ಯಾರಾದರೂ ಬಂದರೆ ಬಾಗಿಲಿನಿಂದಲೇ ಕಳುಹಿಸಬೇಕು. 2019ರ ಜೂನಿನಲ್ಲಿ ಬೆಂಗಳೂರಿನ ಐ.ಎಂ.ಎ. ಸಂಸ್ಥೆ ಬಾಗಿಲು ಮುಚ್ಚಿದಾಗ, ಸಾವಿರಾರು ಸಂಸಾರಗಳು ಈ ಪಾಠವನ್ನು ಬಹಳ ದುಬಾರಿಯಾಗಿ ಕಲಿತವು.

ಮಾರುಕಟ್ಟೆ ಮುಂದಿನ ವರ್ಷ ಏರುವುದೋ ಇಳಿಯುವುದೋ ಎಂದು ನಮ್ಮನ್ನು ಕೇಳುವವರಿಗೆ ನಾವು ಈಗ ಒಂದೇ ಪ್ರತಿಪ್ರಶ್ನೆಯನ್ನು ಹಾಕುತ್ತೇವೆ: ಮುಂದಿನ ವರ್ಷ ನಿಮಗೆ ಆ ಹಣ ಬೇಕೆ? ಬೇಕೆಂದರೆ ಅದು ಹಗೇವಿನ ಕಾಳು. ಬೇಡವೆಂದರೆ ಬಿತ್ತನೆಯ ಕಾಳು. ನಮ್ಮ ದೊಡ್ಡಪ್ಪನವರು ಈಗಿಲ್ಲ. ಅವರ ಮನೆಯಂಗಳದ ಹಗೇವನ್ನೂ ಮಣ್ಣು ತುಂಬಿ ಮುಚ್ಚಿದ್ದಾರೆ. ನಮ್ಮ ಮಗಳು ಕಳೆದ ವರ್ಷ ಕೆಲಸಕ್ಕೆ ಸೇರಿ, ಮೊದಲ ಸಂಬಳ ಬಂದ ದಿನ ಎರಡು ಖಾತೆಗಳನ್ನು ತೆರೆದಳು. ಒಂದರ ಪುಸ್ತಕದ ಮೇಲೆ ತನ್ನ ಕೈಯಿಂದಲೇ "ಹಗೇವು" ಎಂದು ಬರೆದಿದ್ದಾಳೆ.